ಮತ್ತೆ ತುಂಬುವ ನೀರು

ಹರಿಶ್ಚಂದ್ರನೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವವನು ರಾಘವಾಂಕನ ಹರಿಶ್ಚಂದ್ರ: ಸತ್ಯಕ್ಕಾಗಿ ರಾಜ್ಯ ಬಿಟ್ಟು, ಹೆಂಡತಿ ಮಗನನ್ನು ಮಾರಿ, ಕಾಶಿಯ ಸುಡುಗಾಡು ಕಾಯ್ದವನು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನ ಕಥೆ ಬೇರೆ. ಮಕ್ಕಳಿಲ್ಲದ ಆ ಅರಸ ವರುಣನಿಗೆ ಹರಕೆ ಹೊತ್ತು ಮಗನನ್ನು ಪಡೆಯುತ್ತಾನೆ; ಹುಟ್ಟುವ ಮಗನನ್ನೇ ನಿನಗೆ ಬಲಿ ಕೊಡುತ್ತೇನೆಂಬುದು ಹರಕೆ. ರೋಹಿತ ಹುಟ್ಟಿದ ಮೇಲೆ, ಹಲ್ಲು ಬರಲಿ, ಹಾಲುಹಲ್ಲು ಬೀಳಲಿ, ಕವಚ ತೊಡುವ ಪ್ರಾಯವಾಗಲಿ ಎಂದು ತಂದೆ ದಿನ ತಳ್ಳುತ್ತಾನೆ. ಕೊನೆಗೆ ಮಗ ಕಾಡಿಗೆ ಹೊರಟುಹೋದಾಗ ವರುಣ ಅರಸನನ್ನು ಹಿಡಿಯುತ್ತಾನೆ. ಅರಸನ ಹೊಟ್ಟೆ ಊದುತ್ತದೆ. ನೀರಿನ ದೇವತೆ ಕೊಟ್ಟ ಶಿಕ್ಷೆಯೂ ನೀರೇ. ಮುಂದೆ ರೋಹಿತನಿಗೆ ಬದಲಾಗಿ ಯೂಪಕ್ಕೆ ಕಟ್ಟಲ್ಪಟ್ಟ ಶುನಃಶೇಪ ಉಷೆಯನ್ನು ಸ್ತುತಿಸುವಾಗ, ಒಂದೊಂದು ಋಕ್ಕಿಗೂ ಅವನ ಕಟ್ಟು ಸಡಿಲುತ್ತದೆ, ಅರಸನ ಹೊಟ್ಟೆಯೂ ಅಷ್ಟಷ್ಟು ಇಳಿಯುತ್ತದೆ. ಕಡೆಯ ಋಕ್ಕಿನ ಹೊತ್ತಿಗೆ ಅರಸ ನಿರೋಗಿ.

ನೋವಿಲ್ಲದೆ, ಪೂರ್ತಿಯಾಗಿ, ಮತ್ತೆ ತುಂಬದಂತೆ ನೀರನ್ನು ಇಳಿಸುವ ಈ ಭಾಗ್ಯ ಮಂತ್ರಕ್ಕೆ ಮಾತ್ರ ಲಭ್ಯವಾಗಿತ್ತು. ಮನುಷ್ಯನ ಕೈ ನಡೆಸಿದ ಚಿಕಿತ್ಸೆಯ ಚರಿತ್ರೆ ಇಷ್ಟು ಸಲೀಸಾದದ್ದಲ್ಲ. ಅದರಲ್ಲಿಯೂ ಏಡಿಗಂತಿಯ ರೋಗಿಗಳ ಹೊಟ್ಟೆಯಲ್ಲಿ ಸೇರುವ ನೀರಿನ ವಿಷಯದಲ್ಲಿ. ಏಡಿಗಂತಿಯೆಂದರೆ ಇಂದು ಎಲ್ಲರ ಬಾಯಲ್ಲಿರುವ ಕ್ಯಾನ್ಸರ್. ಗ್ರೀಕರು ಇಟ್ಟ ಏಡಿಯ ಹೆಸರನ್ನೂ ನಮ್ಮ ಗಂತಿಯನ್ನೂ ಕೂಡಿಸಿದ ಈ ಸೊಗಸಾದ ಮಾತು ಬಳಕೆಯಿಂದ ಜಾರಿಹೋಗುತ್ತಿರುವುದರಿಂದ ಒಮ್ಮೆಯಾದರೂ ಉಚ್ಚರಿಸೋಣವೆಂದು ಹೇಳಿದೆ. ನಾನು ವೈದ್ಯನಲ್ಲ, ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯದ ಬೆನ್ನು ಹತ್ತಿದ್ದಕ್ಕೆ ಕಾರಣವನ್ನು ಮುಂದೆ ಅರಿಕೆ ಮಾಡುತ್ತೇನೆ.

ಮೊದಲು, ನೀರು ಬರುವುದೆಲ್ಲಿಂದ? ಹೊಟ್ಟೆಯ ಒಳಗೋಡೆಗೂ ಕರುಳುಗಳಿಗೂ ಹೊದಿಸಿದ ತೆಳುವಾದ ಒಂದು ಪೊರೆಯುಂಟು. ಅದರಲ್ಲಿ ಸದಾ ಸ್ವಲ್ಪ ದ್ರವ ಜಿನುಗುತ್ತಿರುತ್ತದೆ. ವಪೆಯ ಕೆಳಗಿನ ಸೂಕ್ಷ್ಮ ನಾಳಗಳು ಅದನ್ನು ಹೀರಿಕೊಳ್ಳುತ್ತಿರುತ್ತವೆ. ಕೆರೆಗೆ ಒರತೆಯೂ ಉಂಟು, ತೂಬೂ ಉಂಟು. ಅಂಡಾಶಯ, ಜಠರ, ದೊಡ್ಡಕರುಳು, ಸ್ತನ ಮುಂತಾದ ಎಡೆಯ ಅರ್ಬುದದ ಕಣಗಳು ಈ ಪೊರೆಯ ಮೇಲೆ ಬಂದು ನೆಲಸಿದರೆ ಎರಡು ಕೇಡನ್ನು ಒಟ್ಟಿಗೆ ಮಾಡುತ್ತವೆ: ತೂಬನ್ನು ಕಟ್ಟುತ್ತವೆ, ಒರತೆಯನ್ನು ಹೆಚ್ಚಿಸುತ್ತವೆ. ನೀರು ಲೀಟರುಗಟ್ಟಲೆ ನಿಲ್ಲುತ್ತದೆ. ಉಸಿರು ಸಾಲದು, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಮಲಗಲಾಗದು, ಬಾಗಲಾಗದು. ಯಕೃತ್ತು ಗಟ್ಟಿಯಾದವರಿಗೂ ಹೃದಯ ಸೋತವರಿಗೂ ನೀರು ಬರುವುದುಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಹಿಂದಿನವರ ಬರಹಗಳಲ್ಲಿ ಇವೆಲ್ಲ ಜಲೋದರವೆಂಬ ಒಂದೇ ಹೆಸರಿನಡಿ ಕಲೆತುಹೋಗಿವೆ. ಆದ್ದರಿಂದ ಈ ರೋಗದ ಚರಿತ್ರೆಯನ್ನು ಹೇಳಹೊರಟವನು ಬಹುಕಾಲದವರೆಗೆ ನೀರಿನ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗಗಳಿಗೆಂದೇ ಒಂದು ಅಧ್ಯಾಯವಿದೆ. ಎಂಟು ಬಗೆಯ ಉದರಗಳಲ್ಲಿ ನೀರಿನದನ್ನು ದಕೋದರವೆನ್ನುತ್ತಾರೆ, ದಕವೆಂದರೆ ಉದಕವೇ. ರೋಗಿಯ ಹೊಟ್ಟೆಗೆ ವಾತಹರವಾದ ತೈಲವನ್ನು ಹಚ್ಚಿ, ಬಿಸಿನೀರಿನಿಂದ ಬೆವರಿಸಿ, ಆಪ್ತರಾದವರು ಕಂಕುಳಲ್ಲಿ ಕೈಯಿಟ್ಟು ಅವನನ್ನು ಹಿಡಿದುಕೊಂಡಿರಬೇಕು. ಹೊಕ್ಕುಳಿನ ಕೆಳಗೆ, ಎಡಮಗ್ಗುಲಿನಲ್ಲಿ, ನಡುವಿನ ರೋಮರೇಖೆಯಿಂದ ನಾಲ್ಕು ಅಂಗುಲ ಬಿಟ್ಟು ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಬೇಕು. ವ್ರೀಹಿಯೆಂದರೆ ಭತ್ತ, ಭತ್ತದ ಮೊನೆಯಂಥ ಮೊನೆ. ಆಳ ಹೆಬ್ಬೆರಳ ಗಾತ್ರ. ಆ ರಂಧ್ರದಲ್ಲಿ ಲೋಹದ ಕೊಳವೆಯನ್ನೋ ಹಕ್ಕಿಯ ಗರಿಯ ದಂಟನ್ನೋ ಇಳಿಸಿ ನೀರನ್ನು ಬಿಡಬೇಕು.

ಇಷ್ಟರವರೆಗೆ ಕೈಚಳಕದ ಮಾತು. ಮುಂದೆ ಬರುವುದು ವಿವೇಕದ ಮಾತು. ಎಲ್ಲ ನೀರನ್ನೂ ಒಂದೇ ದಿನ ತೆಗೆಯಬಾರದು. ತೆಗೆದರೆ ಬಾಯಾರಿಕೆ, ಜ್ವರ, ಮೈನೋವು, ಉಬ್ಬಸ, ಕಾಲುರಿ ತಲೆದೋರುತ್ತವೆ. ಬಲವಿಲ್ಲದವನಿಗೆ ಹೊಟ್ಟೆ ಬೇಗ ಮತ್ತೆ ತುಂಬುತ್ತದೆ. ಮೂರು, ನಾಲ್ಕು, ಐದು ದಿನಗಳಿಗೊಮ್ಮೆಯೋ, ಎಂಟು, ಹತ್ತು, ಹನ್ನೆರಡು, ಹದಿನಾರು ದಿನಗಳಿಗೊಮ್ಮೆಯೋ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಇಳಿಸಿದ ಮೇಲೆ ಕಂಬಳಿ, ರೇಷ್ಮೆ ಅಥವಾ ತೊಗಲಿನಿಂದ ಹೊಟ್ಟೆಯನ್ನು ಬಿಗಿಯಬೇಕು, ಇಲ್ಲವಾದರೆ ವಾಯು ಉಬ್ಬರಿಸುತ್ತದೆ. ಆರು ತಿಂಗಳು ಹಾಲಿನ ಅಥವಾ ಮಾಂಸರಸದ ಪಥ್ಯ. ಪುಸ್ತಕ ನೋಡಿ ಬರೆದದ್ದಲ್ಲ ಇದು, ರೋಗಿಯ ಪಕ್ಕದಲ್ಲಿ ರಾತ್ರಿ ಕುಳಿತವರು ಬರೆದದ್ದು. ಗ್ರೀಸಿನ ಹಿಪಾಕ್ರಟಿಸನ ಹೆಸರಿನಲ್ಲಿರುವ ಸೂತ್ರಗಳಲ್ಲಿಯೂ, ನೀರನ್ನು ಒಮ್ಮೆಗೇ ಹರಿಯಬಿಟ್ಟರೆ ರೋಗಿ ಸಾಯುತ್ತಾನೆಂಬ ಎಚ್ಚರಿಕೆಯುಂಟು. ಯಾರಿಂದ ಯಾರು ಕಲಿತರೆಂದು ಪಂಡಿತರು ವಾದಿಸಲಿ. ಹೊಟ್ಟೆ ಎರಡು ದೇಶದಲ್ಲಿಯೂ ಒಂದೇ, ಕಂಡದ್ದೂ ಒಂದೇ ಎಂದುಕೊಂಡರೆ ನನಗೆ ಸಾಕು.

ಚರಕಸಂಹಿತೆ ಬೇರೊಂದು ದಿಕ್ಕಿನಿಂದ ಮಾತಾಡುತ್ತದೆ. ಉದರದ ಉಳಿದ ಚಿಕಿತ್ಸೆಗಳೆಲ್ಲ ಸೋತು ಅಪಾಯದ ಕ್ರಮಕ್ಕೆ ಕೈಹಾಕುವ ಮುನ್ನ, ರೋಗಿಯ ಬಂಧುಗಳು, ಸ್ನೇಹಿತರು, ಹೆಂಡತಿ, ಗುರುಗಳು, ಕೊನೆಗೆ ಅರಸನವರೆಗೆ ಎಲ್ಲರಿಗೂ ವೈದ್ಯ ವಿಷಯವನ್ನು ತಿಳಿಸಿ ಅನುಮತಿ ಪಡೆಯಬೇಕು. ಏನೂ ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಸಂಶಯವುಂಟು ಎಂದು ಬಿಚ್ಚಿ ಹೇಳಬೇಕು. ಆಸ್ಪತ್ರೆಯಲ್ಲಿ ನಾವು ಓದದೆ ರುಜು ಹಾಕುವ ಆ ಮುದ್ರಿತ ಹಾಳೆಗಿಂತ ಇದು ಎಷ್ಟೋ ನೇರವಾದದ್ದು.

ಚುಚ್ಚುವುದು ಹೇಗೆಂಬುದರಲ್ಲಿ ಹಳಬರಿಗೆ ಅಷ್ಟು ಭಿನ್ನಾಭಿಪ್ರಾಯವಿರಲಿಲ್ಲ. ಚುಚ್ಚುವುದೇಕೆ ಎಂಬುದರಲ್ಲಿತ್ತು ಜಗಳ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಎರಾಸಿಸ್ಟ್ರಾಟಸ್ ಎಂಬ ಗ್ರೀಕ್ ವೈದ್ಯನಿದ್ದ. ಶರೀರವನ್ನು ಸೀಳಿ ನೋಡಿ ತಿಳಿದವನು, ಬುದ್ಧಿಯ ಮೊನಚಿನಲ್ಲಿ ಯಾರಿಗೂ ಕಡಿಮೆಯಲ್ಲ. ಅವನು ನೀರು ತೆಗೆಯುವುದನ್ನು ಒಪ್ಪಲಿಲ್ಲ. ರೋಗವಿರುವುದು ಯಕೃತ್ತಿನಲ್ಲಿ, ಅದನ್ನು ಗುಣಪಡಿಸದೆ ನೀರು ತೆಗೆದರೆ ಮತ್ತೆ ತುಂಬುತ್ತದೆ, ಆದ್ದರಿಂದ ತೆಗೆಯುವುದು ವ್ಯರ್ಥ. ತರ್ಕದಲ್ಲಿ ಒಂದು ಎಳೆಯೂ ಸಡಿಲವಿಲ್ಲ.

ಇವನಿಗೆ ಉತ್ತರ ಕೊಟ್ಟವನು ರೋಮಿನ ಸೆಲ್ಸಸ್, ಕ್ರಿಸ್ತಶಕ 1ನೆಯ ಶತಮಾನದವನು. ವೃತ್ತಿಯಿಂದ ವೈದ್ಯನೇ ಅಲ್ಲದಿರಬಹುದೆಂದು ವಿದ್ವಾಂಸರ ಊಹೆ. ಕೃಷಿ, ಯುದ್ಧ, ವಾಕ್ಚಾತುರ್ಯ ಎಲ್ಲವನ್ನೂ ಕುರಿತು ವಿಶ್ವಕೋಶ ರಚಿಸಿದವನು, ಅದರಲ್ಲಿ ವೈದ್ಯಭಾಗ ಮಾತ್ರ ಪೂರ್ತಿಯಾಗಿ ಉಳಿದಿದೆ. ಹೊಕ್ಕುಳಿನ ಕೆಳಗೆ ಎಡಕ್ಕೆ ನಾಲ್ಕು ಬೆರಳು ದೂರದಲ್ಲಿ ಕೆಲವರು ಚುಚ್ಚುತ್ತಾರೆಂದು ಅವನೂ ಬರೆಯುತ್ತಾನೆ. ಸೀಸದ ಅಥವಾ ಕಂಚಿನ ಕೊಳವೆಯನ್ನು ವರ್ಣಿಸುತ್ತಾನೆ. ಅದು ಒಳಕ್ಕೆ ಜಾರಿಹೋಗದಂತೆ ಅಂಚು ಬಾಗಿಸಬೇಕೆನ್ನುತ್ತಾನೆ. ಆದರೆ ಅವನ ಹಿರಿಮೆ ಕೊಳವೆಯಲ್ಲಿಲ್ಲ. ನೀರು ತೆಗೆಯುವುದರಿಂದ ರೋಗ ವಾಸಿಯಾಗದೆಂಬುದನ್ನು ಅವನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೂ ಹೇಳುತ್ತಾನೆ: ಒಳಗೆ ನಿಂತ ನೀರು ತಾನೇ ಕೇಡು ಮಾಡುತ್ತದೆ, ಔಷಧಕ್ಕೆ ಎಡೆಯಿಲ್ಲದಂತೆ ತಡೆಯುತ್ತದೆ, ಅದನ್ನು ತೆಗೆದರೆ ಔಷಧಕ್ಕೆ ಜಾಗವಾಗುತ್ತದೆ.

ಈ ಎರಡು ಸಾವಿರ ವರ್ಷದ ಜಗಳವನ್ನು ನಾನು ಮೊದಲು ಕೇಳಿದ್ದು ಗ್ರಂಥದಲ್ಲಲ್ಲ, ಆಸ್ಪತ್ರೆಯ ಮೊಗಸಾಲೆಯಲ್ಲಿ. ನನ್ನ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಔಷಧಗಳು ಒಂದೊಂದಾಗಿ ಸೋತ ಮೇಲೆ ಹೊಟ್ಟೆಯಲ್ಲಿ ನೀರು ನಿಂತಿತು. ಡಾಕ್ಟರು ತೆಗೆಯೋಣವೆಂದರು. ಅಕ್ಕನ ಮಗ ಇಂಜಿನಿಯರ್, ತಾಯಿಯ ಮೇಲೆ ಪ್ರಾಣವಿಟ್ಟುಕೊಂಡವನು. ನನ್ನನ್ನು ಪಕ್ಕಕ್ಕೆ ಕರೆದು, “ಮಾವ, ಹತ್ತು ದಿನದಲ್ಲಿ ಮತ್ತೆ ತುಂಬುತ್ತದಂತೆ. ಮತ್ತೆ ತುಂಬುವುದಾದರೆ ಅಮ್ಮನಿಗೆ ಚುಚ್ಚಿಸುವುದೇಕೆ?” ಎಂದ. ಅವನಿಗೆ ಎರಾಸಿಸ್ಟ್ರಾಟಸನ ಹೆಸರು ತಿಳಿಯದು. ನೆಂಟರಲ್ಲಿ ಒಬ್ಬರು ಅದಕ್ಕಿಂತ ಮುಂದೆ ಹೋಗಿ, ನೀರು ತೆಗೆಯಲು ಶುರುಮಾಡಿದರೆಂದರೆ ಮುಗಿಯಿತು, ಆಮೇಲೆ ಯಾರೂ ಉಳಿದಿಲ್ಲ ಎಂದರು. ಈ ನಂಬಿಕೆ ನಮ್ಮ ಊರುಗಳಲ್ಲಿ ಬಹಳ ಬಲವಾಗಿದೆ. ಅದು ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ: ಕಾಯಿಲೆ ಕೊನೆಯ ಘಟ್ಟಕ್ಕೆ ಬಂದಾಗ ನೀರು ತೆಗೆಯುತ್ತಾರೆ, ಕಾಯಿಲೆ ಮಾಡಿದ್ದನ್ನು ಸೂಜಿಯ ಲೆಕ್ಕಕ್ಕೆ ಬರೆಯುತ್ತೇವೆ.

ಒಳಗೆ ಅಕ್ಕ ಮೂರು ವಾರದಿಂದ ಕುಳಿತೇ ನಿದ್ದೆ ಮಾಡುತ್ತಿದ್ದಳು. ನಾವು ಹೊರಗೆ ವಾದಿಸುತ್ತಿದ್ದೆವಲ್ಲ, ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ, “ಒಂದು ರಾತ್ರಿ ಕಾಲು ಚಾಚಿ ಮಲಗಿದರೆ ಸಾಕು ಕಣೋ, ತುಂಬಿದರೆ ತುಂಬಲಿ” ಎಂದಳು. ನಾಲ್ಕು ಲೀಟರು ಬಂತು. ಆ ವಾರ ತಿಳಿಸಾರು ಅನ್ನ ಕೇಳಿ ಉಂಡಳು, ಸೀರೆಯನ್ನು ತಾನೇ ಉಟ್ಟಳು. ಅನಂತರ ಏಳು ತಿಂಗಳು ಇದ್ದಳು. ಎಷ್ಟು ಸಲ ತೆಗೆಸಿದೆವೆಂದು ಲೆಕ್ಕವಿಟ್ಟವನು ಆ ಮಗನೇ.

ಲೆಕ್ಕದ ಮಾತು ಬಂದದ್ದರಿಂದ ಲಂಡನ್ನಿನ ಒಂದು ಕಲ್ಲಿನ ವಿಚಾರ ಹೇಳಬೇಕು. ಆ ನಗರದ ಬನ್‌ಹಿಲ್ ಫೀಲ್ಡ್ಸ್ ಎಂಬ ಹಳೆಯ ಸ್ಮಶಾನ ಸಾಹಿತ್ಯದ ಓದುಗರಿಗೆ ಒಂದು ಯಾತ್ರಾಸ್ಥಳ. ಜಾನ್ ಬನಿಯನ್, ಡೇನಿಯಲ್ ಡಿಫೋ, ವಿಲಿಯಂ ಬ್ಲೇಕ್ ಮೂವರೂ ಮಣ್ಣಾಗಿರುವುದು ಅಲ್ಲಿಯೇ. ಅವರ ನೆರೆಯಲ್ಲಿ ಮೇರಿ ಪೇಜ್ ಎಂಬ ಶ್ರೀಮಂತ ವಿಧವೆಯ ದೊಡ್ಡ ಗೋರಿಯಿದೆ. ಕಲ್ಲಿನ ಮೇಲಿನ ಇಸವಿ 1728, ತೀರಿಕೊಂಡಾಗ ಅವಳಿಗೆ ಐವತ್ತಾರನೆಯ ವರ್ಷ. ಗೋರಿಯ ಮೇಲೆ ಜನ ಸದ್ಗುಣಗಳನ್ನು ಕೆತ್ತಿಸುತ್ತಾರೆ, ಶಾಸ್ತ್ರವಾಕ್ಯವನ್ನು ಕೆತ್ತಿಸುತ್ತಾರೆ. ಇವಳ ಕಲ್ಲಿನಲ್ಲಿ ಕೆತ್ತಿರುವುದು ಒಂದು ಲೆಕ್ಕ: 67 ತಿಂಗಳಲ್ಲಿ 66 ಸಲ ಅವಳ ಹೊಟ್ಟೆಯ ನೀರನ್ನು ತೆಗೆಯಲಾಯಿತು, ಒಟ್ಟು 240 ಗ್ಯಾಲನ್. ಒಮ್ಮೆಯೂ ತನ್ನ ಪಾಡಿಗೆ ಗೊಣಗಲಿಲ್ಲ, ಒಮ್ಮೆಯೂ ಆ ಶಸ್ತ್ರಕ್ರಿಯೆಗೆ ಹೆದರಲಿಲ್ಲ ಎಂಬ ಮಾತು ಅದರ ಜೊತೆಗಿದೆ.

ಭಾಗಿಸಿ ನೋಡಿದೆ. ಆ ಕಾಲದ ಗ್ಯಾಲನ್ನಿನಲ್ಲಿ ದ್ರಾಕ್ಷಾರಸದ್ದು ಒಂದು, ಬಿಯರಿನದ್ದು ಇನ್ನೊಂದು. ಯಾವುದನ್ನು ಹಿಡಿದರೂ ಸಲಕ್ಕೆ ಹದಿಮೂರು ಲೀಟರಿಗೆ ಕಡಿಮೆಯಿಲ್ಲ. ತಿಂಗಳಿಗೆ ಒಂದು ತುಂಬುಗೊಡ. ಅರಿವಳಿಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ದೂರವಿತ್ತು. ಮೂರು ಅಂಚಿನ ಮೊನೆಯ ಟ್ರೋಕಾರ್ ಎಂಬ ಸಲಾಕೆಯನ್ನು ಎಚ್ಚರವಿರುವಾಗಲೇ ಹೊಟ್ಟೆಗೆ ನೂಕುತ್ತಿದ್ದರು. ಆದರೂ ಅರವತ್ತಾರು ಸಲ ಅವಳು ಒಡ್ಡಿಕೊಂಡಳೆಂದರೆ, ಎರಾಸಿಸ್ಟ್ರಾಟಸನಿಗೆ ಇದಕ್ಕಿಂತ ದೊಡ್ಡ ಉತ್ತರ ಯಾವುದು? ಇಂಥ ನೀರು ಬಂದೂ ಐದೂವರೆ ವರ್ಷ ಬದುಕಿದ್ದರಿಂದ ಅವಳಿಗಿದ್ದದ್ದು ಅಂಡಾಶಯದ ಮಾರಕವಲ್ಲದ ಒಂದು ಗಂತಿಯಿರಬಹುದೆಂದು ಈಚಿನ ವೈದ್ಯರು ಊಹಿಸಿದ್ದಾರೆ. ಅಂಥ ಗಂತಿಯ ಜೊತೆ ಹೊಟ್ಟೆಯಲ್ಲಿಯೂ ಎದೆಯಲ್ಲಿಯೂ ನೀರು ನಿಲ್ಲುವುದನ್ನು, ಗಂತಿಯನ್ನು ತೆಗೆದರೆ ನೀರು ಹಿಂದಿರುಗದಿರುವುದನ್ನು ಅಮೆರಿಕದ ಜೋ ಮೀಗ್ಸ್ 1937ರಲ್ಲಿ ವಿವರಿಸಿದ. ಹಾಗಿದ್ದರೆ ಮೇರಿ ಪೇಜಳದು ಒಂದು ಶಸ್ತ್ರಕ್ರಿಯೆಯಿಂದ ವಾಸಿಯಾಗುವ ರೋಗ.

ಆ ಶಸ್ತ್ರಕ್ರಿಯೆ ನಡೆಯಲು ಇನ್ನೂ ಎಂಬತ್ತೊಂದು ವರ್ಷ ಬೇಕಾಯಿತು. ಅಮೆರಿಕದ ಕೆಂಟಕಿಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸು ತನ್ನ ಹೊಟ್ಟೆಯನ್ನು ಬಸಿರೆಂದೇ ಭಾವಿಸಿದ್ದಳು. ಅದು ಅಂಡಾಶಯದ ಗಂತಿಯೆಂದು ತಿಳಿಸಿದ ಎಫ್ರೈಂ ಮ್ಯಾಕ್‌ಡೊವೆಲ್ ಎಂಬ ಡಾಕ್ಟರ ಊರಿಗೆ ಅವಳು 1809ರ ಡಿಸೆಂಬರಿನ ಚಳಿಯಲ್ಲಿ ಅರವತ್ತು ಮೈಲಿ ಕುದುರೆಯ ಮೇಲೆ ಹೋದಳು. ಅರಿವಳಿಕೆಯಿಲ್ಲದ ಮೇಜಿನ ಮೇಲೆ ದೇವರ ಕೀರ್ತನೆಗಳನ್ನು ಹೇಳಿಕೊಳ್ಳುತ್ತಿದ್ದಾಗ, ಇಪ್ಪತ್ತೈದು ನಿಮಿಷಗಳಲ್ಲಿ ಇಪ್ಪತ್ತೆರಡೂವರೆ ಪೌಂಡಿನ ಗಂತಿ ಹೊರಬಂತು. ಐದನೆಯ ದಿನ ಡಾಕ್ಟರು ಬಂದು ನೋಡಿದರೆ ರೋಗಿ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳಂತೆ! ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಬುಡವನ್ನೇ ಕಿತ್ತರೆ ನೀರಿನ ಪ್ರಶ್ನೆಯೇ ಇಲ್ಲ ಎಂಬ ವಾದಕ್ಕೆ ಇದು ಜಯ. ಆದರೆ ಬುಡ ಒಂದೇ ಕಡೆ ಇದ್ದಾಗ ಮಾತ್ರ. ಏಡಿಗಂತಿ ಪೊರೆಯ ತುಂಬ ಸಾಸಿವೆ ಎರಚಿದಂತೆ ಹರಡಿಕೊಂಡರೆ ಯಾವ ಕತ್ತಿ ಎಲ್ಲವನ್ನೂ ಆಯ್ದೀತು?

ಅಲ್ಲಿಗೆ ಔಷಧವನ್ನೇ ನೇರವಾಗಿ ಸುರಿದರೇನು ಎಂಬ ಯೋಚನೆ ಹೊಸದಲ್ಲ. 1744ರಲ್ಲಿ ಇಂಗ್ಲೆಂಡಿನ ಟ್ರೂರೋ ಊರಿನ ಕ್ರಿಸ್ಟೋಫರ್ ವಾರಿಕ್ ಎಂಬ ಶಸ್ತ್ರವೈದ್ಯ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವರದಿ ಬರೆದ. ಹೊಟ್ಟೆಯ ನೀರನ್ನು ತೆಗೆದು, ಬ್ರಿಸ್ಟಲಿನ ಖನಿಜಜಲಕ್ಕೆ ಕೆಂಪು ದ್ರಾಕ್ಷಾರಸವನ್ನು ಬೆರೆಸಿ ಆ ಕೊಳವೆಯಿಂದಲೇ ಒಳಕ್ಕೆ ತುಂಬಿದನಂತೆ. ನೀರು ಮತ್ತೆ ಬರಲಿಲ್ಲವಂತೆ. ನೀರು ತೆಗೆಯುವುದು ಇನ್ನು ಬರಿಯ ಉಪಶಮನವಲ್ಲ, ಪೂರ್ಣ ಚಿಕಿತ್ಸೆ ಎಂದು ಲೇಖನದ ಶೀರ್ಷಿಕೆಯಲ್ಲಿಯೇ ಸಾರಿದ. ಬರಿಯ ಉಪಶಮನವೆಂಬ ಮಾತಿನ ಮೇಲೆ ಅವನಿಗಿದ್ದ ಅಸಮಾಧಾನ ನೋಡಿ! ಅದನ್ನೋದಿದ ಸ್ಟೀಫನ್ ಹೇಲ್ಸ್, ಕುದುರೆಯ ರಕ್ತದೊತ್ತಡವನ್ನು ಗಾಜಿನ ಕೊಳವೆಯಲ್ಲಿ ಅಳೆದು ಹೆಸರಾದ ಪಾದ್ರಿ, ಒಂದು ಸಲಹೆ ಕೊಟ್ಟ: ಎರಡು ಕಡೆ ಕೊಳವೆಯಿಟ್ಟು ಒಂದರಿಂದ ಹೊರಕ್ಕೆ ಹರಿಯುವಾಗಲೇ ಇನ್ನೊಂದರಿಂದ ಒಳಕ್ಕೆ ಬಿಟ್ಟರೆ, ಒಮ್ಮೆಗೇ ಬರಿದಾಗಿ ರೋಗಿ ಮೂರ್ಛೆ ಹೋಗುವುದು ತಪ್ಪುತ್ತದೆ. ಸುಶ್ರುತನ ಎಚ್ಚರಿಕೆ ಮತ್ತೊಂದು ವೇಷದಲ್ಲಿ ಬಂದಂತಾಯಿತು. ದ್ರಾಕ್ಷಾರಸ ಹೋಯಿತು, ಉಪಾಯ ಉಳಿಯಿತು. 20ನೆಯ ಶತಮಾನದ ನಡುವಿನಿಂದ ಕ್ಯಾನ್ಸರಿನ ಔಷಧಗಳನ್ನೇ ಹೊಟ್ಟೆಗೆ ಸುರಿಯತೊಡಗಿದರು. ಅಂಡಾಶಯದ ರೋಗಿಗಳಲ್ಲಿ ಸರಿಯಾಗಿ ಆಯ್ದವರಿಗೆ ಇದರಿಂದ ಆಯುಷ್ಯ ಹೆಚ್ಚಿತೆಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಬಾಧೆಯೂ ಹೆಚ್ಚಿತೆಂಬುದನ್ನು ಅದೇ ಹೇಳಿತು.

ನೀರಿನ ಒರತೆ ಹೆಚ್ಚುವುದೇಕೆಂಬ ಗುಟ್ಟು ಹೊರಬಿದ್ದದ್ದು ಆ ನೀರಿನಿಂದಲೇ. ಅರ್ಬುದದ ಕಣಗಳು ಒಂದು ಪದಾರ್ಥವನ್ನು ಸುರಿಸಿ ರಕ್ತನಾಳಗಳನ್ನು ಸೋರುವಂತೆ ಮಾಡುತ್ತವೆಂದು ಬಾಸ್ಟನ್ನಿನ ಸೆಂಗರ್, ಡ್ವೊರಾಕ್ ಮತ್ತು ಅವರ ಜೊತೆಗಾರರು 1983ರಲ್ಲಿ ಗಿನಿಹಂದಿಗಳ ಹೊಟ್ಟೆಯ ದ್ರವದಿಂದ ಕಂಡುಹಿಡಿದರು. ಹೊಸ ರಕ್ತನಾಳಗಳನ್ನು ಬೆಳೆಸುವುದೂ ಅದೇ ಪದಾರ್ಥವೆಂದು ಆಮೇಲೆ ತಿಳಿಯಿತು. ಅದನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ನೀರಿಗೆಂದೇ ಯೂರೋಪಿನಲ್ಲಿ 2009ರಲ್ಲಿ ಅನುಮತಿ ಪಡೆದ ಇನ್ನೊಂದು ಔಷಧ ಕಟುಮಾಕ್ಸೊಮ್ಯಾಬ್. ಕನ್ನಡದವನ ಕಿವಿಗೆ ಹೆಸರೇ ಕಟುವಾಗಿದೆ. ಅದು ಅರ್ಬುದದ ಕಣವನ್ನು ಒಂದು ಕೈಯಲ್ಲೂ ದೇಹವನ್ನು ಕಾಯುವ ಕಣವನ್ನು ಇನ್ನೊಂದು ಕೈಯಲ್ಲೂ ಹಿಡಿದು ಎರಡನ್ನೂ ಎದುರುಬದುರು ನಿಲ್ಲಿಸುತ್ತದೆ. ನೀರು ಮತ್ತೆ ತುಂಬುವುದು ತಡವಾಗುತ್ತದೆ. 2017ರಲ್ಲಿ ವ್ಯಾಪಾರದ ಕಾರಣಕ್ಕೆ ಅದನ್ನು ಹಿಂತೆಗೆದರು. 2025ರಲ್ಲಿ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು.

ಇನ್ನೊಂದು ಪ್ರಯತ್ನವನ್ನು ಹೇಳದೆ ಮುಂದೆ ಹೋಗಲಾರೆ. ಹೊಟ್ಟೆಯ ನೀರಿನಲ್ಲಿ ದೇಹದ ಸಾರವಾದ ಪ್ರೋಟೀನು ಇರುತ್ತದೆ. ಪದೇ ಪದೇ ಹೊರಚೆಲ್ಲಿದರೆ ರೋಗಿ ಸೊರಗುತ್ತಾನೆ. ಹಾಗಾದರೆ ಅದನ್ನು ರಕ್ತಕ್ಕೇ ಹಿಂದಿರುಗಿಸಬಾರದೇಕೆ? 1974ರಲ್ಲಿ ಅಮೆರಿಕದ ಹ್ಯಾರಿ ಲವೀನ್ ಹೊಟ್ಟೆಯಿಂದ ಕತ್ತಿನ ಅಭಿಧಮನಿಗೆ ಚರ್ಮದಡಿಯಲ್ಲಿ ಹಾಯಿಸಿದ ಕವಾಟದ ಕೊಳವೆಯನ್ನು ಬಳಕೆಗೆ ತಂದ. ಮುಖ್ಯವಾಗಿ ಯಕೃತ್ತಿನ ರೋಗಿಗಳಿಗಾಗಿ ಹುಟ್ಟಿದ ಇದನ್ನು ಕ್ಯಾನ್ಸರ್ ರೋಗಿಗಳಿಗೂ ಹಾಕಿದರು. ಭಯವೇನೆಂದರೆ, ನೀರಿನ ಜೊತೆ ಏಡಿಯ ಕಣಗಳೂ ದಿನದಿನವೂ ರಕ್ತಕ್ಕೆ ಸೇರುತ್ತವಲ್ಲ? ಇಂಥ ರೋಗಿಗಳನ್ನು ಇಂಗ್ಲೆಂಡಿನಲ್ಲಿ ಡೇವಿಡ್ ಟ್ಯಾರಿನ್ ಮತ್ತು ಜೊತೆಯವರು ಪರೀಕ್ಷಿಸಿ 1984ರಲ್ಲಿ ಬರೆದದ್ದು ಅಚ್ಚರಿಯ ಸಂಗತಿ: ಲಕ್ಷೋಪಲಕ್ಷ ಕಣಗಳು ತಿಂಗಳುಗಟ್ಟಲೆ ರಕ್ತದಲ್ಲಿ ಹರಿದರೂ ಹಲವರಲ್ಲಿ ಹೊಸ ಎಡೆಯಲ್ಲಿ ಗಂತಿ ಬೇರೂರಿರಲಿಲ್ಲ. ಬೀಜ ಎಲ್ಲೆಡೆ ಬೀಳುತ್ತದೆ, ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಲಂಡನ್ನಿನ ಸ್ಟೀಫನ್ ಪೇಜೆಟ್ 1889ರಲ್ಲಿ ಹೇಳಿದ್ದ ಮಾತಿಗೆ ಸಾಯುತ್ತಿದ್ದ ಈ ಜನ ಸಾಕ್ಷಿಯಾದರು. ಕೊಳವೆ ಮಾತ್ರ ನಿಲ್ಲಲಿಲ್ಲ. ಕಟ್ಟಿಕೊಳ್ಳುತ್ತಿತ್ತು, ರಕ್ತ ಹೆಪ್ಪುಗಟ್ಟುವ ಕ್ರಮವನ್ನು ಕೆಡಿಸುತ್ತಿತ್ತು. ಈಗ ಅಪರೂಪ.

ಮೂತ್ರ ಹೆಚ್ಚಿಸುವ ಮಾತ್ರೆಗಳು ಯಕೃತ್ತಿನ ನೀರಿಗೆ ಒಗ್ಗುವಷ್ಟು ಏಡಿಯ ನೀರಿಗೆ ಒಗ್ಗುವುದಿಲ್ಲ. ಹೀಗಾಗಿ ಇಷ್ಟೆಲ್ಲ ಸುತ್ತಿದ ಮೇಲೆಯೂ ಹೆಚ್ಚಿನ ರೋಗಿಗಳ ಪಾಲಿಗೆ ಉಳಿದಿರುವುದು ಸುಶ್ರುತ ಸೆಲ್ಸಸರ ಚುಚ್ಚುವಿಕೆಯೇ. ಅದೂ ಬಹುಮಟ್ಟಿಗೆ ಎಡಮಗ್ಗುಲಲ್ಲೇ. ಮರಗಟ್ಟಿಸುವ ಸೂಜಿಯೂ, ಕರುಳಿಗೆ ತಾಗದಂತೆ ದಾರಿ ತೋರುವ ಶಬ್ದತರಂಗದ ಯಂತ್ರವೂ ಸೇರಿವೆ, ಅಷ್ಟೆ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗಗಳನ್ನು ಸಾಧ್ಯ, ಅಸಾಧ್ಯವೆಂದು ಎರಡೇ ಪಾಲು ಮಾಡಿ ಬಿಡುವುದಿಲ್ಲ. ನಡುವೆ ಯಾಪ್ಯವೆಂಬ ಮೂರನೆಯದೊಂದುಂಟು: ಚಿಕಿತ್ಸೆ ನಡೆಯುವವರೆಗೆ ನಿಂತಿರುವುದು, ಬಿಟ್ಟರೆ ಬೀಳುವುದು. ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಊರುಗಂಬದಂತೆ ಎಂದು ಸುಶ್ರುತಸಂಹಿತೆ ಅದಕ್ಕೆ ಹೋಲಿಕೆ ಕೊಡುತ್ತದೆ. ಇಂಗ್ಲಿಷಿನವರು ಪ್ಯಾಲಿಯೇಟಿವ್ ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ನಿನ ಪ್ಯಾಲಿಯಂ, ಹೊದೆಯುವ ನಿಲುವಂಗಿ. ಹೊದಿಕೆಗಿಂತ ಊರುಗಂಬ ನನಗೆ ಹೆಚ್ಚು ಹಿಡಿಸಿದೆ. ಹೊದಿಕೆ ಮುಚ್ಚುತ್ತದೆ, ಕಂಬ ಹೊರುತ್ತದೆ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದ ಮೇಲೆ ಈ ಕೆಲಸಕ್ಕೆ ವೈದ್ಯರಲ್ಲಿ ಮತ್ತೆ ಮಾನ ಬಂತು. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಸ್ಥಾಪಿತವಾದ ಟ್ರಸ್ಟಿನಿಂದ ಬೆಳೆದದ್ದು.

ಮತ್ತೆ ಮತ್ತೆ ಚುಚ್ಚಿಸಿಕೊಳ್ಳಲು ಆಸ್ಪತ್ರೆಗೆ ಅಲೆಯುವ ಕಷ್ಟಕ್ಕೆ ಈಗ ಇನ್ನೊಂ���ು ದಾರಿಯುಂಟು. ಮೆತ್ತನೆಯ ಸಣ್ಣ ಕೊಳವೆಯೊಂದನ್ನು ಹೊಟ್ಟೆಯ ಚರ್ಮದಡಿ ಹಾಯಿಸಿ ಅಲ್ಲಿಯೇ ಬಿಡುತ್ತಾರೆ. ಸೋಂಕಿನ ಭಯವುಂಟು, ಆದ್ದರಿಂದ ಕೈತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮನೆಯವರಿಗೆ ಕಲಿಸುತ್ತಾರೆ. ಇಂಗ್ಲೆಂಡಿನ ಸರ್ಕಾರಿ ಸಲಹಾಸಂಸ್ಥೆ 2012ರಲ್ಲಿ ಇದನ್ನು ಕ್ಯಾನ್ಸರ್ ರೋಗಿಗಳಿಗೆ ಶಿಫಾರಸು ಮಾಡಿತು. ಹೊಟ್ಟೆ ಬಿಗಿದಾಗ ಮಗಳೋ ಸೊಸೆಯೋ ಮುಚ್ಚಳ ತೆಗೆದು ಸೀಸೆ ಜೋಡಿಸಿ, ಒಂದು ಲೀಟರೋ ಎರಡೋ ಇಳಿಸಿ, ಮತ್ತೆ ಮುಚ್ಚಿ ಪಟ್ಟಿ ಅಂಟಿಸುತ್ತಾಳೆ. ತಾರೀಖು, ಅಳತೆ, ನೀರಿನ ಬಣ್ಣ, ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲು ನರ್ಸಮ್ಮ ಹೇಳಿರುತ್ತಾರೆ.